ಒಂದೂಕಾಲು ವ್ಯಾಟ್

ಪುಣೆಯ ಭೋಸರಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಕೂಲರು, ಲೇಥಿನ ತ್ರೀ ಫೇಸ್ ಮೋಟರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ ಕೊಡುವುದು ಇಪ್ಪತ್ತೆರಡು ವರ್ಷದ ಕೆಲಸ. ಊರು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಆಯಸ್ಕಾಂತದ ಚಕ್ರ ಕಟ್ಟುವ ಹವ್ಯಾಸ ಹತ್ತಿದ್ದು ಚಿಕ್ಕಪ್ಪನ ಮಗನ ಒಂದು ಫೋನಿನಿಂದ.

"ಅಣ್ಣಾ, ಡೀಸೆಲ್ ಬ್ಯಾಡ, ಕರೆಂಟ್ ಬ್ಯಾಡ, ಮ್ಯಾಗ್ನೆಟ್ ಮ್ಯಾಲ ತಿರಗೋ ಜನರೇಟರ್ ಬಂದೈತಿ. ಅರ್ಧ ರೊಕ್ಕ ಕೊಟ್ಟೇನಿ. ನೀ ಮೋಟರ್ ಕೆಲಸದಾಂವ, ಇದು ಖರೇನೋ ಸುಳ್ಳೋ ಹೇಳು."

ಅವನ ಹೊಲದಲ್ಲಿ ಐದು ಎಚ್‌ಪಿ ಪಂಪಿದೆ. ತ್ರೀ ಫೇಸ್ ಬರುವುದು ಬಹಳ ಸಲ ರಾತ್ರಿ. ನಿದ್ದೆಗೆಟ್ಟು, ಹಾವುಹುಳದ ನಡುವೆ ಬ್ಯಾಟರಿ ಹಿಡಿದು ನೀರು ಬಿಡುವವನಿಗೆ ಅಂಥ ಯಂತ್ರದ ಮೇಲೆ ಆಸೆ ಹುಟ್ಟಿದರೆ ತಪ್ಪೇನಿದೆ? ಬಾಯಿಮಾತಿನಲ್ಲಿ ಸುಳ್ಳು ಅಂದುಬಿಡಲು ನನಗೆ ಮನಸ್ಸಾಗಲಿಲ್ಲ. ಕೈಯಾರೆ ಕಟ್ಟಿ, ಅಳೆದು ಹೇಳಬೇಕು ಅನಿಸಿತು.

ಈ ಆಸೆ ಹಳೆಯದು. ನಮ್ಮ ವಿಜಯಪುರದವರೆಂದು ನಾವು ಹೆಮ್ಮೆಪಡುವ ಭಾಸ್ಕರಾಚಾರ್ಯರು 1150ರ ಹೊತ್ತಿಗೇ, ಟೊಳ್ಳು ಅರೆಗಳಲ್ಲಿ ಅರ್ಧ ಪಾದರಸ ತುಂಬಿದರೆ ತಾನಾಗಿ ತಿರುಗುವ ಚಕ್ರದ ಬಗ್ಗೆ ಬರೆದಿದ್ದಾರೆ. ಇಲ್ಲಿಯ ಮರಾಠಿ ಗೆಳೆಯರು ಅವರನ್ನು ಚಾಳೀಸಗಾಂವ ಬಳಿಯ ಪಾಟಣದವರು ಅನ್ನುತ್ತಾರೆ. ನಮ್ಮ ಕಾಲದಲ್ಲಿ, ಕೈಗಾ ಅಣು ವಿದ್ಯುತ್ ಯೋಜನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಪರಮಹಂಸ ತಿವಾರಿಯವರು ಕಾಂತಕ್ಷೇತ್ರದಲ್ಲಿ ತಿರುಗುವ ಲೋಹದ ತಟ್ಟೆಯಿಂದ ಕರೆಂಟು ತೆಗೆಯುವ ಫ್ಯಾರಡೆಯ ತತ್ವದ ಮೇಲೆ ಜನರೇಟರ್ ಕಟ್ಟಿ, ಕೊಟ್ಟದ್ದಕ್ಕಿಂತ ಹೆಚ್ಚು ಬರುತ್ತದೆ ಎಂದರು. ವಿಜ್ಞಾನಲೋಕ ಅದನ್ನು ಒಪ್ಪಲಿಲ್ಲ. ಅಮೆರಿಕದ ಜೋಸೆಫ್ ನ್ಯೂಮನ್ ಎಂಬವರ ಯಂತ್ರವನ್ನು 1986ರಲ್ಲಿ ಅಲ್ಲಿಯ ಸರಕಾರಿ ಅಳತೆ ಸಂಸ್ಥೆ ಪರೀಕ್ಷಿಸಿತು. ಯಾವ ಸ್ಥಿತಿಯಲ್ಲೂ ಹೊರಗೆ ಬಂದದ್ದು ಒಳಗೆ ಹೋದದ್ದಕ್ಕಿಂತ ಕಡಿಮೆಯೇ ಇತ್ತು.

ಬರೀ ಆಯಸ್ಕಾಂತದಿಂದಲೇ ತಿರುಗುವ ಚಕ್ರವನ್ನು ಮೊದಲು ಮಾಡಿ ನೋಡಿದೆ. ಎರಡು ದಿನದಲ್ಲಿ ಕೈಬಿಟ್ಟೆ. ಎಷ್ಟು ಓರೆಯಾಗಿ ಜೋಡಿಸಿದರೂ ಎಲ್ಲೋ ಒಂದು ಕಡೆ ಚಕ್ರ ಕಚ್ಚಿ ನಿಲ್ಲುತ್ತದೆ. ಒಳಗೆ ಎಳೆದುಕೊಳ್ಳುವಾಗ ಎಷ್ಟು ಕೊಡುತ್ತದೋ ಬಿಡಿಸಿಕೊಳ್ಳುವಾಗ ಅಷ್ಟನ್ನೇ ಕೇಳುತ್ತದೆ.

ಹಾಗಾಗಿ ಹಿಡಿದದ್ದು ಅಮೆರಿಕದ ಜಾನ್ ಬೆಡಿನಿ ಎಂಬವರ ಮಾದರಿಯ ಪಲ್ಸ್ ಮೋಟರು, ಅಂದರೆ ಬ್ಯಾಟರಿಯ ಕರೆಂಟನ್ನು ಬಿಟ್ಟುಬಿಟ್ಟು ಕೊಟ್ಟು ಚಕ್ರ ತಳ್ಳುವಂಥದ್ದು. ಚಕ್ರದ ಅಂಚಿಗೆ ಆಯಸ್ಕಾಂತಗಳು, ಎಲ್ಲದರ ಉತ್ತರ ಧ್ರುವವೂ ಹೊರಮುಖ. ಎದುರಿಗೆ ಒಂದೇ ಕಾಯಿಲ್, ಅದರಲ್ಲಿ ಜೋಡಿ ತಂತಿ: ಒಂದು ದಪ್ಪ, ಒಂದು ಸಣ್ಣ. ಆಯಸ್ಕಾಂತ ಕಾಯಿಲಿನ ಮೇಲೆ ಹಾದುಹೋಗುವಾಗ ಸಣ್ಣ ತಂತಿಯಲ್ಲಿ ಹುಟ್ಟುವ ವೋಲ್ಟೇಜು ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರನ್ನು ಆನ್ ಮಾಡುತ್ತದೆ. ದಪ್ಪ ತಂತಿಯಲ್ಲಿ ಕರೆಂಟು ಹರಿದು ಆಯಸ್ಕಾಂತವನ್ನು ಮುಂದಕ್ಕೆ ತಳ್ಳುತ್ತದೆ. ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಕಾಯಿಲಿನ ಕಾಂತಕ್ಷೇತ್ರ ಕುಸಿದು ಒಂದು ದೊಡ್ಡ ವೋಲ್ಟೇಜಿನ ಹೊಡೆತ ಬರುತ್ತದೆ. ಅದನ್ನು ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡಿನ ಮೂಲಕ ಎರಡನೇ ಬ್ಯಾಟರಿಗೆ ತಿರುಗಿಸಬೇಕು. ಇಷ್ಟೇ ಯಂತ್ರ. ಈ ಹೊಡೆತದಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಮರಳುತ್ತದೆ ಎಂಬುದು ಇದನ್ನು ನಂಬುವವರ ಮಾತು.

ಸಾಮಾನು ತಂದದ್ದು ಎರಡು ಕಡೆಯಿಂದ. ಟೂ ಎನ್ 3055 ಟ್ರಾನ್ಸಿಸ್ಟರ್, ಡಯೋಡ್, ನಿಯಾನ್ ದೀಪ, ಕೆಪಾಸಿಟರ್ ಎಲ್ಲ ಬುಧವಾರ ಪೇಠೆಯ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳಲ್ಲಿ. ಬೇರಿಂಗಿಗೆ ಮಂಗಳವಾರ ಪೇಠೆಯ ಜುನಾ ಬಾಜಾರಿಗೆ ಹೋದೆ. ಬುಧವಾರ, ಭಾನುವಾರ ಕೂಡುವ ಆ ಸಂತೆಯಲ್ಲಿ ಹಳೆ ವಿಸಿಆರ್ ಸಿಕ್ಕರೆ ಅದರ ಹೆಡ್ ಡ್ರಮ್, ಅಂದರೆ ಟೇಪ್ ಓದುವ ತಿರುಗು ಉರುಳೆ, ಬಿಚ್ಚಿಕೊಳ್ಳಬೇಕು. ಅಷ್ಟು ನುಣುಪಾದ ಬೇರಿಂಗು ಅಷ್ಟು ಕಡಿಮೆ ರೊಕ್ಕಕ್ಕೆ ಬೇರೆಲ್ಲೂ ಸಿಗದು. ಬೆರಳಿನಿಂದ ಒಮ್ಮೆ ತಿರುವಿದರೆ ಚಾ ಕುಡಿದು ಮುಗಿಸುವವರೆಗೂ ತಿರುಗುತ್ತಿರುತ್ತದೆ.

ನಮ್ಮ ಓಣಿಯಲ್ಲಿ ಜಮಖಂಡಿ ಕಡೆಯ ಒಬ್ಬ ಹಿರಿಯರಿದ್ದಾರೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇಥ್ ನಡೆಸಿದವರು. ಎಲ್ಲರಿಗೂ ಟರ್ನರ್ ಕಾಕಾ. ಅವರು 150 ಮಿಲಿಮೀಟರಿನ ನೈಲಾನ್ ತಟ್ಟೆ ಕೊರೆದು, ಅಂಚಿನಲ್ಲಿ ನಾಲ್ಕು ಗುಳಿ ತೆಗೆದುಕೊಟ್ಟರು. ಕಾಯಿಲಿನ ಕೆಲಸ ನನ್ನದು: 20 ಮತ್ತು 23 ಗೇಜಿನ ತಂತಿ ಒಟ್ಟಿಗೆ ಹಿಡಿದು ಸುತ್ತಿದೆ. ನಡುವಿನ ಗರ್ಭಕ್ಕೆ ವೆಲ್ಡಿಂಗ್ ರಾಡಿನ ಮೇಲಿನ ಲೇಪ ಬಡಿದು ತೆಗೆದು, ವಾರ್ನಿಷ್‌ನಲ್ಲಿ ಅದ್ದಿದ ತುಂಡುಗಳನ್ನು ಒತ್ತಾಗಿ ತುಂಬಿದೆ. ಗಟ್ಟಿ ಕಬ್ಬಿಣ ಹಾಕಿದರೆ ಒಳಗೇ ಸುಳಿಕರೆಂಟು ಹರಿದು ಬಿಸಿಯಾಗುತ್ತದೆ. ಮೋಟರಿನ ಒಳಗಿನ ಕಬ್ಬಿಣವನ್ನು ತೆಳು ಪದರ ಮಾಡಿರುವುದೂ ಅದಕ್ಕೇ.

ಮೊದಲ ಅಪಘಾತ ಆಯಸ್ಕಾಂತದ್ದು. 20 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಬಿಲ್ಲೆಗಳನ್ನು ಬರೀ ಕ್ವಿಕ್ ಗಮ್ಮಿನಲ್ಲಿ ಅಂಟಿಸಿದ್ದೆ. ಚಕ್ರ ವೇಗ ಹಿಡಿಯುತ್ತಿದ್ದಂತೆ ಪಟ್ ಎಂದು ಸದ್ದಾಯಿತು. ಒಂದು ಬಿಲ್ಲೆ ಹಾರಿ ಕಬ್ಬಿಣದ ಕಪಾಟಿಗೆ ಬಡಿದು ನಾಲ್ಕು ಚೂರಾಗಿ ಅಲ್ಲೇ ಕಚ್ಚಿಕೊಂಡಿತ್ತು. ಕಪಾಟಿನ ಪಕ್ಕದ ಸ್ಟೂಲಿನಲ್ಲಿ ಹತ್ತು ನಿಮಿಷ ಮೊದಲು ನನ್ನ ಮಗಳು ಕೂತಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ, ಲೆಕ್ಕ ಹಾಕುತ್ತ ಕೂತೆ. ಬಿಲ್ಲೆಯ ತೂಕ ಸುಮಾರು 12 ಗ್ರಾಂ. 1800 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 1800 ಸುತ್ತಿನಲ್ಲಿ, ನಡುವಿನಿಂದ 75 ಮಿಲಿಮೀಟರ್ ದೂರದಲ್ಲಿ, ಅದು ಮೂರು ಕಿಲೋಗಿಂತ ಹೆಚ್ಚು ಜೋರಿನಿಂದ ಹೊರಗೆ ಜಗ್ಗುತ್ತದೆ. ಇದನ್ನು ಕಟ್ಟಲು ಕೂತವರು ಮೊದಲು ಈ ಲೆಕ್ಕ ಹಾಕಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಆಮೇಲೆ ಮೋಟರಿನ ತಿರುಗುವ ಭಾಗವಾದ ಆರ್ಮೇಚರಿಗೆ ಮಾಡುವಂತೆಯೇ ಮಾಡಿದೆ: ಎಪಾಕ್ಸಿ ಗಮ್, ಮೇಲೆ ಬಿಗಿಯಾಗಿ ಗ್ಲಾಸ್ ಬೈಂಡಿಂಗ್ ಟೇಪ್, ಅದರ ಮೇಲೆ ವಾರ್ನಿಷ್. ರೂಢಿಯಂತೆ ರೋಟರನ್ನು 110 ಡಿಗ್ರಿಯ ಓವನ್ನಿನಲ್ಲಿ ಇಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಎಲ್ಲ ಚೆನ್ನಾಗಿತ್ತು, ಚಕ್ರ ಮಾತ್ರ ಮೊದಲಿನ ಅರ್ಧ ವೇಗವನ್ನೂ ಮುಟ್ಟಲಿಲ್ಲ. ಎರಡು ದಿನ ಸರ್ಕ್ಯೂಟಿನಲ್ಲಿ ದೋಷ ಹುಡುಕಿದೆ. ದೋಷ ಓವನ್ನಿನದು. ಸಾಧಾರಣ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದರೂ ಅದು ತಿರುಗಿ ಬಾರದು. ತಾಮ್ರಕ್ಕೆ ಒಗ್ಗುವ ಬಿಸಿ ಆಯಸ್ಕಾಂತಕ್ಕೆ ಒಗ್ಗುವುದಿಲ್ಲ. ಮತ್ತೆ ನಾಲ್ಕು ಬಿಲ್ಲೆ ಕೊಂಡು, ಗಾಳಿಗೆ ಒಣಗುವ ವಾರ್ನಿಷ್ ಹಚ್ಚಿದೆ.

ಈ ಸಲ ಚಕ್ರ ತಿರುಗಿತು. 1800 ಆರ್‌ಪಿಎಂ, ಸೆಕೆಂಡಿಗೆ 120 ಪಲ್ಸ್. ಜೇನುಹುಳ ಹತ್ತಿರ ಸುಳಿದಂಥ ಸಣ್ಣ ಗುಂಯ್ ಸದ್ದು. ಒಮ್ಮೆ ಎರಡನೇ ಬ್ಯಾಟರಿಯ ವೈರು ಕಳಚಿತು. ತಕ್ಷಣ ನಿಯಾನ್ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ತೊಂಬತ್ತು ವೋಲ್ಟಾದರೂ ಬೇಕಾದ ದೀಪ ಉರಿಯುವುದನ್ನು ಕಂಡರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಹೊಡೆತಕ್ಕೆ ಹೋಗಲು ಬೇರೆ ದಾರಿಯಿಲ್ಲದಾಗ ಅದು ನಿಯಾನ್ ಮೂಲಕ ಹಾಯುತ್ತದೆ. ನಿಯಾನ್ ಹಾಕಿರದಿದ್ದರೆ ಟ್ರಾನ್ಸಿಸ್ಟರ್ ಸಾಯುತ್ತಿತ್ತು. ವೋಲ್ಟು ಹೆಚ್ಚಾದ ಮಾತ್ರಕ್ಕೆ ಶಕ್ತಿ ಹೆಚ್ಚಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಆಸೆ ಕದಲಿತು.

ಆಸೆ ಕದಲಿದ ಮೇಲೆ ಮಾಡಿದ ಅಳತೆ ಇದು. ಒಳಗೆ ಹೋಗುವುದು 12.2 ವೋಲ್ಟ್, 0.41 ಆಂಪಿಯರ್, ಅಂದರೆ 5 ವ್ಯಾಟ್. ಹೊರಗಿನ ಕಡೆ ಬ್ಯಾಟರಿ ತೆಗೆದು ಚಾರ್ಜು ಕೂಡಿಡುವ ಕೆಪಾಸಿಟರ್ ಹಚ್ಚಿದೆ. ವೋಲ್ಟ್ ಏರುತ್ತ 46ಕ್ಕೆ ಬಂತು. ಬರೆದುಕೊಂಡೆ. ಆಮೇಲೆ ಅದೇ ಜಾಗಕ್ಕೆ ಆಂಪಿಯರ್ ಮೀಟರ್ ಹಚ್ಚಿದೆ, 0.22 ತೋರಿಸಿತು. ಗುಣಿಸಿದರೆ 10 ವ್ಯಾಟ್. ಐದು ಕೊಟ್ಟು ಹತ್ತು ಪಡೆದೆ! ರಾತ್ರಿ ಹತ್ತೂವರೆಗೆ ಕಾಕಾ ಅವರ ಬಾಗಿಲು ಬಡಿದೆ.

ಅವರು ಬಂದರು, ಕನ್ನಡಕ ಏರಿಸಿ ನನ್ನ ನೋಟ್‌ಬುಕ್ ನೋಡಿದರು. ಒಂದೇ ಮಾತು ಕೇಳಿದರು.

"ತಮ್ಮಾ, ನಲ್ವತ್ತಾರು ವೋಲ್ಟ್ ಇದ್ದಾಗ ಕರೆಂಟ್ ಎಷ್ಟ ಹರೀತಿತ್ತು?"

ಹರಿಯುತ್ತಲೇ ಇರಲಿಲ್ಲ, ಲೋಡೇ ಇರಲಿಲ್ಲ.

"ಮತ್ತ ಕರೆಂಟ್ ಹರಿಯೋವಾಗ ವೋಲ್ಟ್ ಎಷ್ಟಿತ್ತು?"

ಆಂಪಿಯರ್ ಮೀಟರ್ ಎಂದರೆ ಹೆಚ್ಚುಕಡಿಮೆ ಶಾರ್ಟ್ ಮಾಡಿದ ಹಾಗೆ. ವೋಲ್ಟ್ ಇರಲೇ ಇಲ್ಲ.

"ತಕ್ಕಡಿ ಎರಡೂ ತಟ್ಟಿ ಒಂದ ಹೊತ್ತಿಗೆ ನೋಡಬೇಕೋ. ಒಂದು ತಟ್ಟಿ ಮುಂಜಾನಿ ನೋಡಿ, ಇನ್ನೊಂದು ಸಂಜಿಗೆ ನೋಡಿದ್ರ ಅದು ತೂಕ ಅಲ್ಲ."

ಈ ಹವ್ಯಾಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತು ನಾನು ಕೇಳಿಲ್ಲ. ಐದು ಕೊಟ್ಟು ಹತ್ತು ಪಡೆದೆ ಎನ್ನುವ ಲೆಕ್ಕಗಳಲ್ಲಿ ನಾನು ನೋಡಿದ ಮುಕ್ಕಾಲು ಪಾಲು ಇದೇ ಜಾಗದಲ್ಲಿ ಜಾರಿರುತ್ತವೆ. ಹಾಗೆ ಹೇಳುವವರು ಸುಳ್ಳುಗಾರರಲ್ಲ, ತಿಂಗಳುಗಟ್ಟಲೆ ಶ್ರಮಪಟ್ಟ ಕೈ ಕಾಣಬಯಸಿದ ಅಂಕಿಯನ್ನೇ ಕಾಣುತ್ತದೆ.

ಮರುದಿನ ಸರಿಯಾಗಿ ಅಳೆದೆ. ಒಳಗಿನ ಕಡೆ ಮೀಟರಿಗೂ ಮೋಟರಿಗೂ ನಡುವೆ ದೊಡ್ಡ ಕೆಪಾಸಿಟರ್ ಹಾಕಿದೆ, ಮೀಟರಿಗೆ ಪಲ್ಸಿನ ಬದಲು ಸಮ ಕರೆಂಟು ಕಾಣಲಿ ಎಂದು. ಹೊರಗಿನ ಕಡೆ 10,000 ಮೈಕ್ರೋಫ್ಯಾರಡಿನ ಕೆಪಾಸಿಟರ್ 10 ವೋಲ್ಟಿನಿಂದ 20 ವೋಲ್ಟಿಗೆ ಏರಲು ಎಷ್ಟು ಹೊತ್ತು ಎಂದು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದೆ: 1.2 ಸೆಕೆಂಡ್. ಅಷ್ಟರಲ್ಲಿ ಕೆಪಾಸಿಟರಿನಲ್ಲಿ ಕೂಡಿದ ಶಕ್ತಿ 1.5 ಜೌಲ್. ಅಂದರೆ ಒಂದೂಕಾಲು ವ್ಯಾಟ್. ಕೊಟ್ಟದ್ದರ ಕಾಲುಭಾಗ.

ಉಳಿದ ಮುಕ್ಕಾಲು ಭಾಗವನ್ನು ಕೈಯಿಂದಲೇ ಹುಡುಕಿದೆ. ಟ್ರಾನ್ಸಿಸ್ಟರಿನ ಲೋಹದ ಟೊಪ್ಪಿಗೆ ಬೆಚ್ಚಗಿತ್ತು. ಕಾಯಿಲು ಅದಕ್ಕಿಂತ ಬೆಚ್ಚಗೆ. ವೆಲ್ಡಿಂಗ್ ರಾಡಿನ ತುದಿ ಮುಟ್ಟಿದರೆ ಅಲ್ಲೂ ಬಿಸಿ. ಚಕ್ರದ ಪಕ್ಕ ಕೆನ್ನೆ ಒಡ್ಡಿದರೆ ಗಾಳಿ ಬೀಸುತ್ತಿತ್ತು. ಎಲ್ಲೂ ಏನೂ ಕಳೆದುಹೋಗಿರಲಿಲ್ಲ.

ಬ್ಯಾಟರಿಯ ಪರೀಕ್ಷೆಯನ್ನೂ ಬಿಡಲಿಲ್ಲ, ಏಕೆಂದರೆ ಹೆಚ್ಚಿನವರು ನಂಬುವುದು ಅದನ್ನೇ. ಮುಂದೊಂದು ಹಿಂದೊಂದು 7 ಆಂಪಿಯರ್-ಅವರ್ ಸಾಮರ್ಥ್ಯದ ಯುಪಿಎಸ್ ಬ್ಯಾಟರಿ. ಮುಂದಿನದು ಖಾಲಿಯಾದಾಗ ಅದಲುಬದಲು. ಚಾರ್ಜಾಗುತ್ತಿದ್ದ ಬ್ಯಾಟರಿ 13.8 ವೋಲ್ಟ್ ತೋರಿಸುತ್ತಿತ್ತು, ನೋಡಿದವರಿಗೆ ತುಂಬಿದೆ ಅನಿಸಬೇಕು. ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಿಗ್ಗೆ ನೋಡಿದರೆ 12.2. ಸೀಸದ ಬ್ಯಾಟರಿಯ ವೋಲ್ಟು ಚಾರ್ಜಿನ ಹೊತ್ತಿಗೆ ಮೇಲ್ಮೇಲೆ ಉಬ್ಬಿರುತ್ತದೆ. ಮೊದಲ ಸುತ್ತು ಚಕ್ರ 15 ಗಂಟೆ ತಿರುಗಿತು. ಎರಡನೆಯ ಸುತ್ತು ಮೂರೂವರೆ. ಮೂರನೆಯದು ಐವತ್ತು ನಿಮಿಷ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅದೇ ಕಾಲುಭಾಗ.

ಇನ್ನೊಂದು ಸಂಗತಿ ಹೇಳಲೇಬೇಕು, ನನ್ನನ್ನು ವಾರಗಟ್ಟಲೆ ಕಾಡಿದ್ದು. ಸಣ್ಣ ತಂತಿಯ ಸಾವಿರಾರು ಸುತ್ತಿನ ಕಾಯಿಲನ್ನು ಚಕ್ರದ ಇನ್ನೊಂದು ಬದಿಗೆ ಇಟ್ಟು ಅದರ ಎರಡು ತುದಿ ಶಾರ್ಟ್ ಮಾಡಿದರೆ ಚಕ್ರ ನಿಧಾನವಾಗುವ ಬದಲು ಚುರುಕಾಗುತ್ತದೆ! ಕಾಯಿಲಿನಲ್ಲಿ ಹುಟ್ಟುವ ಕರೆಂಟು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯುತ್ತದೆ ಎಂದು 1834ರಲ್ಲಿ ಲೆಂಜ್ ಹೇಳಿದ ನಿಯಮ ಮುರಿಯಿತೇ ಎಂದು ನಾನೂ ಬೆರಗಾದೆ. ಆಮೇಲೆ ಅರ್ಥವಾಯಿತು. ಕಾಯಿಲನ್ನು ಹತ್ತಿರ ತಂದಾಗಲೇ ಅದರ ಕಬ್ಬಿಣದ ಗರ್ಭ ಚಕ್ರವನ್ನು ಎಳೆದು ನಿಧಾನ ಮಾಡಿತ್ತು. ಶಾರ್ಟ್ ಮಾಡಿದಾಗ ಕಾಯಿಲಿನ ಕರೆಂಟು ಆಯಸ್ಕಾಂತದ ಕ್ಷೇತ್ರವನ್ನು ಗರ್ಭದಿಂದ ಹೊರಗೆ ದಬ್ಬುತ್ತದೆ, ಗರ್ಭದಲ್ಲಿ ಆಗುತ್ತಿದ್ದ ನಷ್ಟ ತಗ್ಗುತ್ತದೆ, ಚಕ್ರ ಕಳೆದುಕೊಂಡ ವೇಗದಲ್ಲಿ ಸ್ವಲ್ಪ ಮರಳಿ ಪಡೆಯುತ್ತದೆ. ಕಾಯಿಲನ್ನೇ ದೂರ ಸರಿಸಿದರೆ ಇನ್ನೂ ಜೋರಾಗಿ ತಿರುಗುತ್ತದೆ. ಆ ಒಂದು ಅಳತೆಯನ್ನು ಮರೆಯಬಾರದು. ಲೆಂಜ್ ನಿಯಮವೇ ಇಲ್ಲಿಯೂ ಕೆಲಸ ಮಾಡಿದ್ದು.

ದೀಪಾವಳಿಗೆ ಚಿಕ್ಕಪ್ಪನ ಮಗ ಪುಣೆಗೆ ಬಂದ. ನಾನು ಏನೂ ಹೇಳಲಿಲ್ಲ. ಚಕ್ರ ತಿರುಗಿಸಿ, ನಾಲ್ಕು ಮೀಟರ್ ಎದುರಿಗಿಟ್ಟು, ಪೆನ್ನು ಅವನ ಕೈಗೆ ಕೊಟ್ಟೆ. ಅವನೇ ಬರೆದ, ಅವನೇ ಗುಣಿಸಿದ. ಐದು ಎಚ್‌ಪಿ ಅಂದರೆ 3,730 ವ್ಯಾಟ್. ಇಂಥ ಚಕ್ರ ಹತ್ತಿರಹತ್ತಿರ ಮೂರು ಸಾವಿರ ಬೇಕು, ಅವನ್ನು ತಿರುಗಿಸಲು 15 ಕಿಲೋವ್ಯಾಟ್ ಕೊಡಬೇಕು. ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಜನರೇಟರ್ ಮಾರುವವನಿಗೆ ನನ್ನ ಅಂಗಡಿಯಿಂದಲೇ ಫೋನ್ ಹಚ್ಚಿದ.

"ಪಂಪ್ ಹಚ್ಚಿ, ಒಳಗಿನ ವೋಲ್ಟ್ ಆಂಪಿಯರ್, ಹೊರಗಿನ ವೋಲ್ಟ್ ಆಂಪಿಯರ್, ನಾಲ್ಕೂ ಮೀಟರ್ ಒಂದ ವಿಡಿಯೋದಾಗ ತೋರಿಸ್ರಿ. ಉಳಿದ ರೊಕ್ಕ ಅವತ್ತ ಕೊಡ್ತೀನಿ."

ಆ ವಿಡಿಯೋ ಬರಲಿಲ್ಲ. ಕೊಟ್ಟ ಮುಂಗಡ ಇನ್ನೂ ವಾಪಸ್ ಬಂದಿಲ್ಲ, ಉಳಿದರ್ಧ ಅವನ ಹತ್ತಿರವೇ ಉಳಿಯಿತು. ಈಗ ಸೋಲಾರ್ ಪಂಪಿನ ಸಬ್ಸಿಡಿಗೆ ಅರ್ಜಿ ಹಾಕಿದ್ದಾನೆ.

ಚಕ್ರ ನನ್ನ ಬೆಂಚಿನ ಮೇಲೆಯೇ ಇದೆ. ಬೇರಿಂಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟೆ. ಸಣ್ಣ ತಂತಿಯ ಕಡೆ 470 ಓಮ್ ಬದಲು ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಡಯೋಡನ್ನು ಒನ್ ಎನ್ 4007ರಿಂದ ಚುರುಕಾದ ಯುಎಫ್ 4007ಕ್ಕೆ ಬದಲಿಸಿದೆ, ಅದರಿಂದ ಫರಕು ಬೀಳಲಿಲ್ಲ. ಈಗ ಒಳಗೆ 3.1 ವ್ಯಾಟ್, ಹೊರಗೆ 0.96. ಕಾಲುಭಾಗದಿಂದ ನೂರಕ್ಕೆ 31ಕ್ಕೆ ಬಂದಿದ್ದೇನೆ. ಮುಂದಿನ ಭಾನುವಾರ ಜುನಾ ಬಾಜಾರಿನಲ್ಲಿ ಹಳೆ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಅದರ ಪಟ್ಟಿಗಳನ್ನು ಕತ್ತರಿಸಿ ವೆಲ್ಡಿಂಗ್ ರಾಡಿನ ಜಾಗಕ್ಕೆ ಹಾಕಿ ನೋಡಬೇಕು. ಗರ್ಭದ ತುದಿ ಇನ್ನೂ ಬಿಸಿಯಾಗುತ್ತಿದೆ.