ಫುಟ್‌ಬಾಲ್ ಆಟಗಾರ ತರಬೇತುದಾರನಾಗುವುದು ಹೇಗೆ?

ವೃತ್ತಿಪರ ಫುಟ್‌ಬಾಲ್ ಆಟಗಾರನ ಆಟದ ವರ್ಷಗಳು ಸಾಮಾನ್ಯವಾಗಿ ಮೂವತ್ತೈದರ ಆಸುಪಾಸಿನಲ್ಲಿ ಮುಗಿಯುತ್ತವೆ. ಮೊಣಕಾಲಿನ ಒಂದು ಗಾಯ ಅವನ್ನು ಇನ್ನೂ ಮೊದಲೇ ಮುಗಿಸಿಬಿಡಬಹುದು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಲ್ಲಿ ಆಡುತ್ತಿದ್ದ ಬೆಂಗಳೂರಿನ ಹಿಂದಿನ ತಲೆಮಾರಿನವರಿಗೆ ಬೂಟು ಕಳಚಿಟ್ಟ ಮೇಲೂ ನೌಕರಿ ಕೈಯಲ್ಲಿರುತ್ತಿತ್ತು. ಕ್ಲಬ್ಬಿನ ಕರಾರನ್ನಷ್ಟೇ ನಂಬಿಕೊಂಡಿರುವ ಇಂದಿನವರಿಗೆ ಆ ಆಸರೆಯಿಲ್ಲ. ಆದ್ದರಿಂದ ಮುಂದೆ ತರಬೇತುದಾರನಾಗಬೇಕೆಂದು ಬಯಸುವವರು ಆ ಸಿದ್ಧತೆಯನ್ನು ಆಡುತ್ತಿರುವಾಗಲೇ ಆರಂಭಿಸುವುದು ಒಳ್ಳೆಯದು.

ಮೊದಲ ಕೆಲಸ ಲೈಸೆನ್ಸ್. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ವ್ಯವಸ್ಥೆಯಲ್ಲಿ ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಮೆಟ್ಟಿಲುಗಳಿವೆ. ಸಿ ಮತ್ತು ಅದರ ಮೇಲಿನವು ಏಷ್ಯಾ ಫುಟ್‌ಬಾಲ್ ಒಕ್ಕೂಟದ ಮಾನ್ಯತೆಯನ್ನೂ ಪಡೆದಿವೆ. ಒಂದು ಲೈಸೆನ್ಸ್ ಸಿಕ್ಕೊಡನೆ ಮುಂದಿನದಕ್ಕೆ ಹಾರಲಾಗದು, ನಡುವೆ ತಂಡವೊಂದನ್ನು ನಿಜವಾಗಿ ತರಬೇತುಗೊಳಿಸಿದ ಅನುಭವವಿರಬೇಕು. ಹೀಗಾಗಿ ತುದಿ ಮುಟ್ಟಲು ವರ್ಷಗಳೇ ಬೇಕಾಗುತ್ತವೆ, ಮೂವತ್ತರಲ್ಲಿ ಡಿ ಲೈಸೆನ್ಸ್ ಪಡೆದವನು ಮೂವತ್ತಾರರಲ್ಲಿ ಅರ್ಜಿ ಹಾಕುವವನಿಗಿಂತ ಬಹಳ ಮುಂದಿರುತ್ತಾನೆ. ಕೋರ್ಸುಗಳ ಪ್ರಕಟಣೆಗಾಗಿ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು, ಏಕೆಂದರೆ ಸೀಟುಗಳು ಕಡಿಮೆ. ಸರ್ಕಾರಿ ಕ್ರೀಡಾ ಇಲಾಖೆಯ ಕೋಚ್ ಹುದ್ದೆಯ ಮೇಲೆ ಕಣ್ಣಿಟ್ಟವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾದ ಬಗೆಗೂ ವಿಚಾರಿಸಿಕೊಳ್ಳಬೇಕು. ಅದು ಬೇರೆಯೇ ದಾರಿ.

ಲೈಸೆನ್ಸಿಗಿಂತ ಕಷ್ಟದ್ದು ಕಲಿಸುವ ವಿದ್ಯೆ. ಹದಿನೈದು ವರ್ಷ ಆಡಿದವನ ಜ್ಞಾನವೆಲ್ಲ ಅವನ ಕಾಲಿನಲ್ಲಿರುತ್ತದೆ, ಅದು ಬಾಯಿಗೆ ಬರುವುದಿಲ್ಲ. ಅಕಾಡೆಮಿಗೆ ಹೊಸದಾಗಿ ಬಂದ ಮಾಜಿ ಆಟಗಾರ ಚೆಂಡನ್ನು ತಾನೇ ತೆಗೆದುಕೊಂಡು ಸೊಗಸಾಗಿ ತಿರುಗಿ ತೋರಿಸುತ್ತಾನೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮರುಕ್ಷಣದಲ್ಲಿ ಹಳೆಯ ತಪ್ಪನ್ನೇ ಮಾಡುತ್ತಾರೆ. ಗೋಲಿಗೆ ಬೆನ್ನು ಮಾಡಿ ನಿಂತು ಪಾಸ್ ಪಡೆದು ತಿರುಗುವುದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ನುರಿತ ಆಟಗಾರ ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದಕ್ಕೆ ಒಮ್ಮೆ ಕಣ್ಣು ಹಾಯಿಸಿರುತ್ತಾನೆ. ತಾನು ಹಾಗೆ ಮಾಡುತ್ತೇನೆಂಬುದು ಅವನಿಗೇ ತಿಳಿದಿರುವುದಿಲ್ಲ. ಇದನ್ನು ಕಲಿಸಲು ಹುಡುಗನ ಬೆನ್ನ ಹಿಂದೆ ಕೆಂಪು ಮತ್ತು ಹಳದಿ ಕೋನುಗಳನ್ನು ಹಿಡಿದು ನಿಲ್ಲಿ. ಚೆಂಡು ಅವನ ಕಾಲಿಗೆ ಬರುವ ಮುನ್ನ ನೀವು ಎತ್ತಿದ ಬಣ್ಣವನ್ನು ಅವನು ಕೂಗಿ ಹೇಳಬೇಕು. ಅದು ರೂಢಿಯಾದ ಮೇಲೆ ಕೋನಿನ ಬದಲು ಒಬ್ಬ ಡಿಫೆಂಡರನನ್ನು ನಿಲ್ಲಿಸಿ; ಅವನು ಮೈಗೆ ಅಂಟಿಕೊಂಡು ಬಂದರೆ ಚೆಂಡನ್ನು ಹಿಂದಕ್ಕೇ ಕೊಡಬೇಕು, ದೂರವಿದ್ದರೆ ತಿರುಗಬೇಕು. ಕೊನೆಗೆ ಐದೈದು ಜನರ ಸಣ್ಣ ಪಂದ್ಯ ಆಡಿಸಿ, ಅದರಲ್ಲಿ ಹುಡುಗರು ತಾವಾಗಿಯೇ ಹಿಂದೆ ನೋಡುತ್ತಾರೆಯೇ ಎಂಬುದನ್ನು ಮಾತ್ರ ಗಮನಿಸಿ. ನಡುವೆ ಸೀಟಿ ಊದಿ ನಿಲ್ಲಿಸಿದರೆ ಅರ್ಧ ನಿಮಿಷದೊಳಗೆ ಒಂದೇ ವಿಷಯ ಹೇಳಿ ಆಟ ಮುಂದುವರಿಸಬೇಕು. ಉದ್ದೇಶ, ಜಾಗದ ಅಳತೆ, ಆಟಗಾರರ ಸಂಖ್ಯೆ, ಸಮಯ, ಹೇಳಬೇಕಾದ ಎರಡು ಮೂರು ಅಂಶ ಇಷ್ಟನ್ನೂ ಹಿಂದಿನ ರಾತ್ರಿಯೇ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಕೋರ್ಸಿನ ಪರೀಕ್ಷಕರು ನಿಮ್ಮ ಹಳೆಯ ಗೋಲುಗಳನ್ನಲ್ಲ, ಈ ಪುಟವನ್ನು ಮತ್ತು ಅದು ಮೈದಾನದಲ್ಲಿ ನಡೆದ ಬಗೆಯನ್ನು ನೋಡುತ್ತಾರೆ.

ಹೆಸರಿದ್ದವರು ನೇರವಾಗಿ ದೊಡ್ಡ ತಂಡಕ್ಕೆ ಹೋಗಬೇಕೆಂದು ಆಸೆಪಡುವುದು ಸಹಜ, ಆದರೆ ಅದು ಜಾಣತನವಲ್ಲ. ವಿಶ್ವಕಪ್ ಗೆದ್ದ ಸ್ಪೇನಿನ ಶಾಬಿ ಅಲೊನ್ಸೊ 2017ರಲ್ಲಿ ಆಟ ನಿಲ್ಲಿಸಿದ ಮೇಲೆ ರಿಯಲ್ ಮ್ಯಾಡ್ರಿಡ್‌ನ 14 ವರ್ಷದೊಳಗಿನ ಹುಡುಗರಿಗೆ ತರಬೇತಿ ಕೊಟ್ಟರು, ಬಳಿಕ ರಿಯಲ್ ಸೊಸಿಯೆದಾದ್‌ನ ಎರಡನೆಯ ತಂಡದೊಡನೆ ಮೂರು ಋತು ಕಳೆದರು. 2022ರ ಅಕ್ಟೋಬರಿನಲ್ಲಿ ಅವರು ಜರ್ಮನಿಯ ಲೆವರ್‌ಕುಸೆನ್‌ಗೆ ಬಂದಾಗ ಆ ತಂಡ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಸ್ಥಾನದಲ್ಲಿತ್ತು. 2023-24ರಲ್ಲಿ ಅದೇ ತಂಡ ಒಂದೂ ಪಂದ್ಯ ಸೋಲದೆ ಜರ್ಮನಿಯ ಅಗ್ರ ಲೀಗ್ ಆದ ಬುಂಡೆಸ್‌ಲೀಗಾ ಗೆದ್ದಿತು. ನಮ್ಮಲ್ಲಿ ಖಾಲಿದ್ ಜಮೀಲ್ 2009ರಲ್ಲಿ ತಾವು ಆಡುತ್ತಿದ್ದ ಮುಂಬೈ ಎಫ್‌ಸಿಯ ಕೋಚ್ ಆಗಿ, ಕಡಿಮೆ ಹಣದ ಆ ತಂಡವನ್ನು ವರ್ಷಗಟ್ಟಲೆ ಕೆಳ ಲೀಗಿಗೆ ಇಳಿಯದಂತೆ ಕಾಪಾಡಿಕೊಂಡರು. 2016-17ರಲ್ಲಿ ಮಿಜೋರಾಂನ ಐಜೋಲ್ ತಂಡಕ್ಕೆ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟರು, 2025ರಲ್ಲಿ ಭಾರತ ತಂಡದ ಕೋಚ್ ಆದರು. ಭಾರತ ತಂಡದ ನಾಯಕರಾಗಿದ್ದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಕೂಡ ಆಟ ಬಿಟ್ಟ ಮೇಲೆ ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಯ ಹುಡುಗರಿಗೇ ಕಲಿಸಲು ಹೋದರು. ಮಿಡ್‌ಫೀಲ್ಡರುಗಳೇ, ಅಂದರೆ ಮೈದಾನದ ನಡುಭಾಗದಲ್ಲಿ ಆಡುವವರೇ, ಒಳ್ಳೆಯ ಕೋಚ್ ಆಗುತ್ತಾರೆಂಬ ಮಾತನ್ನು ನಾನು ಒಪ್ಪುವವನಲ್ಲ, ಆದರೆ ಇಲ್ಲಿ ಹೆಸರಿಸಿದ ಮೂವರೂ ಮಿಡ್‌ಫೀಲ್ಡರುಗಳೇ ಆಗಿಬಿಟ್ಟಿದ್ದಾರೆ!

ಆಡಿದ ಕ್ಲಬ್ಬಿನಲ್ಲೇ ಕೋಚ್ ಆಗುವವರಿಗೆ ಇನ್ನೊಂದು ತೊಡಕಿದೆ. ನಿನ್ನೆಯವರೆಗೆ ‘ಮಗಾ’ ಎಂದು ಹೆಗಲ ಮೇಲೆ ಕೈಹಾಕುತ್ತಿದ್ದ ಗೆಳೆಯನನ್ನು ಇಂದು ತಂಡದಿಂದ ಕೈಬಿಡಬೇಕಾಗುತ್ತದೆ. ಜರ್ಮನಿಯ ಯೂರ್ಗನ್ ಕ್ಲಾಪ್ 2001ರ ಫೆಬ್ರುವರಿಯಲ್ಲಿ ಮೈಂಟ್ಸ್ ತಂಡದ ಆಟಗಾರನಾಗಿದ್ದವರು ಏಕಾಏಕಿ ಅದರ ಕೋಚ್ ಆದರು, ತಂಡ ಕೆಳ ಲೀಗಿಗೆ ಇಳಿಯದಂತೆ ಉಳಿಸಿಕೊಂಡರು, 2004ರಲ್ಲಿ ಮೇಲಿನ ಲೀಗಿಗೆ ಏರಿಸಿದರು. ಅಂಥದ್ದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಕೈಬಿಡುವ ವಿಷಯವನ್ನು ಪಟ್ಟಿ ಹೊರಬೀಳುವ ಮೊದಲು ಆ ಆಟಗಾರನನ್ನು ಪಕ್ಕಕ್ಕೆ ಕರೆದು, ಕಾರಣ ಸಹಿತ ನೀವೇ ಹೇಳಬೇಕು. ಆಟಗಾರರ ವಾಟ್ಸ್ಆ್ಯಪ್ ಗುಂಪಿನಿಂದ ಹೊರಬರುವುದೂ ಲೇಸು, ಅವರಿಗೆ ನಿಮ್ಮನ್ನು ಬೈದುಕೊಳ್ಳಲು ಒಂದು ಜಾಗ ಬೇಕು.

ಆರಂಭದ ಸಂಬಳ ಆಟಗಾರನಾಗಿದ್ದಾಗಿನದಕ್ಕೆ ಹೋಲಿಸಿದರೆ ಬಹಳ ಕಡಿಮೆಯಿರುತ್ತದೆ. ಶಾಲಾ ತಂಡ, ಬಡಾವಣೆಯ ಅಕಾಡೆಮಿ, ಬೆಂಗಳೂರು ಲೀಗಿನ ಕೆಳ ಡಿವಿಷನ್ನಿನ ಕ್ಲಬ್ ಇವೇ ಮೊದಲ ಕೆಲಸಗಳು. ಒಪ್ಪಿಕೊಳ್ಳುವ ಮುನ್ನ ಕರಾರನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ತಂಡದ ಆಯ್ಕೆ ಯಾರ ಕೈಯಲ್ಲಿ, ಋತುವಿನ ನಡುವೆ ತೆಗೆದುಹಾಕಿದರೆ ಎಷ್ಟು ತಿಂಗಳ ಸಂಬಳ ಸಿಗುತ್ತದೆ, ಮುಂದಿನ ಲೈಸೆನ್ಸಿನ ಶುಲ್ಕವನ್ನು ಯಾರು ಕಟ್ಟುತ್ತಾರೆ, ಕೋರ್ಸಿಗೆ ಹೋಗಲು ರಜೆ ಉಂಟೇ ಎಂಬ ನಾಲ್ಕೂ ಅದರಲ್ಲಿರಬೇಕು. ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಕೊನೆಯ ಎರಡನ್ನು ಬಿಟ್ಟುಕೊಡಬಾರದು.