ಡಬ್ಲಿನ್ ಮೇಲೆ ಅಮೆರಿಕಕ್ಕೆ: ನಾನು ಟಿಕೆಟ್ ಹಾಕುವ ರೀತಿ

ಯುರೋಪಿನಿಂದ ಅಮೆರಿಕಕ್ಕೆ ಹೋಗುವಾಗ ನಡುವಿನ ಊರಿನಲ್ಲಿ ತಂಗುವ ಸ್ಟಾಪ್‌ಓವರ್ ಇಡುವುದಾದರೆ ನಾನು ಡಬ್ಲಿನ್‌ನಲ್ಲೇ ಇಡುತ್ತೇನೆ, ಅದೂ ಹೋಗುವ ದಾರಿಯಲ್ಲೇ. ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ತಪಾಸಣೆ ವಿಮಾನ ಹತ್ತುವ ಮೊದಲೇ ಮುಗಿಯುವ ಪ್ರೀಕ್ಲಿಯರೆನ್ಸ್ ಯುರೋಪಿನಲ್ಲಿರುವುದು ಐರ್ಲೆಂಡಿನ ಎರಡೇ ಕಡೆ: ಶ್ಯಾನನ್‌ನಲ್ಲಿ (ಪೂರ್ಣ ರೂಪದಲ್ಲಿ 2009ರಿಂದ) ಮತ್ತು ಡಬ್ಲಿನ್‌ನಲ್ಲಿ (2011ರಿಂದ). ಇದರಿಂದ ಸಾಲು ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಅಲ್ಲಿ ಇಳಿದ ಮೇಲೆ ನಿಲ್ಲಬೇಕಾದ ಸಾಲಿನಲ್ಲಿ ಇಲ್ಲಿ ಹತ್ತುವ ಮೊದಲು ನಿಲ್ಲುತ್ತೀರಿ. ಒಂದೂವರೆ ಗಂಟೆಯ ಕನೆಕ್ಷನ್ ಇಟ್ಟುಕೊಂಡವರು ಪರದಾಡುವುದು ಇದಕ್ಕೇ.

ಮೊದಲು 24 ಗಂಟೆಯ ಲೆಕ್ಕ. ಅಂತಾರಾಷ್ಟ್ರೀಯ ಟಿಕೆಟ್‌ನಲ್ಲಿ ನಡುವಿನ ಊರಿನಲ್ಲಿ 24 ಗಂಟೆಗಿಂತ ಹೆಚ್ಚು ಇದ್ದರೆ ಅದು ಸ್ಟಾಪ್‌ಓವರ್, ಅದರೊಳಗೆ ಹೊರಟರೆ ಬರೀ ಟ್ರಾನ್ಸಿಟ್. ಬೆಳಿಗ್ಗೆ 10ಕ್ಕೆ ಇಳಿದು ಮರುದಿನ 9:40ಕ್ಕೆ ಹೊರಟರೆ ಒಂದು ದರ, 10:30ಕ್ಕೆ ಹೊರಟರೆ ಇನ್ನೊಂದು ದರ ಬರಬಹುದು. ಬುಕ್ ಮಾಡುವ ಮುಂಚೆ ಫೇರ್ ರೂಲ್ಸ್ (ಆ ದರಕ್ಕಿರುವ ನಿಯಮಗಳು) ತೆರೆದು 8ನೇ ವಿಭಾಗ ಓದುತ್ತೇನೆ. ಸ್ಟಾಪ್‌ಓವರ್ ಇಲ್ಲವೇ ಇಲ್ಲವೋ, ಒಂದು ಉಚಿತವೋ, ತಲಾ ಇಷ್ಟು ಎಂದು ಹಣ ಕೊಡಬೇಕೋ ಎಂಬುದು ಅಲ್ಲಿರುತ್ತದೆ. ಟ್ರಾನ್ಸ್‌ಫರ್‌ಗಳ (ಅಂದರೆ ವಿಮಾನ ಬದಲಿಸುವುದರ) ಸಂಗತಿ 9ನೇ ವಿಭಾಗದಲ್ಲಿ. ಟಿಕೆಟ್ ಬಂದ ಮೇಲೆ ದರದ ಲೆಕ್ಕ ಇರುವ ಫೇರ್ ಕ್ಯಾಲ್ಕುಲೇಷನ್ ಸಾಲನ್ನೂ ನೋಡಿ. ಊರಿನ ಕೋಡ್‌ಗೆ ಮುಂಚೆ ‘ಎಕ್ಸ್’ ಅಕ್ಷರ ಮತ್ತು ಓರೆಗೀಟು ಇದ್ದರೆ ಆ ಊರು ಟ್ರಾನ್ಸಿಟ್ ಲೆಕ್ಕದಲ್ಲಿದೆ, ಇಲ್ಲದಿದ್ದರೆ ಸ್ಟಾಪ್‌ಓವರ್. ಏಜೆಂಟ್ ಹೇಳಿದ್ದಕ್ಕಿಂತ ಈ ಒಂದು ಅಕ್ಷರವನ್ನು ನಾನು ಹೆಚ್ಚು ನಂಬುತ್ತೇನೆ.

ಹುಡುಕುವಾಗ ಹಲವು ಊರುಗಳನ್ನು ಒಂದೇ ಟಿಕೆಟ್‌ಗೆ ಸೇರಿಸುವ ‘ಮಲ್ಟಿ-ಸಿಟಿ’ಯಲ್ಲೇ ಹುಡುಕಿ. ಎರಡು ಬಿಡಿ ಟಿಕೆಟ್ ಅಗ್ಗ ಅನ್ನಿಸಿದರೂ ಒಂದೇ ದಿನದ ಕನೆಕ್ಷನ್‌ಗೆ ಬೇಡ. ಬ್ಯಾಗ್ ತೆಗೆದುಕೊಳ್ಳಲು ಐರಿಷ್ ಇಮಿಗ್ರೇಷನ್ ದಾಟಿ ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕಾದೀತು, ಮೊದಲ ವಿಮಾನ ತಡವಾದರೆ ಎರಡನೆಯವರಿಗೆ ಅದರ ಹೊಣೆಯಿಲ್ಲ. ಐರ್ಲೆಂಡ್ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇರುವ ಷೆಂಗೆನ್‌ನಲ್ಲಿಲ್ಲ, ಆದ್ದರಿಂದ ವೀಸಾ ಬೇಕಾದವರಿಗೆ ಷೆಂಗೆನ್ ವೀಸಾ ಇಲ್ಲಿ ಉಪಯೋಗಕ್ಕೆ ಬಾರದು. ಲಂಡನ್‌ನಲ್ಲಿ ಸ್ಟಾಪ್‌ಓವರ್ ಇಟ್ಟರೆ ಇನ್ನೊಂದು ಪೆಟ್ಟು: 24 ಗಂಟೆ ದಾಟಿದೊಡನೆ ಅಲ್ಲಿಂದ ಹೊರಡುವ ವಿಮಾನಕ್ಕೆ ಏರ್ ಪ್ಯಾಸೆಂಜರ್ ಡ್ಯೂಟಿ ಎಂಬ ಬ್ರಿಟನ್ನಿನ ತೆರಿಗೆ ಸೇರುತ್ತದೆ.

ಡಬ್ಲಿನ್‌ನಲ್ಲಿ ನಡೆಯುವುದು ಹೀಗೆ. ಟರ್ಮಿನಲ್ 2ರಲ್ಲಿ ಮೊದಲು ಮಾಮೂಲಿ ಸೆಕ್ಯೂರಿಟಿ, ಆಮೇಲೆ ಅಮೆರಿಕದ ನಿಯಮದ ಪ್ರಕಾರ ಎರಡನೇ ಸೆಕ್ಯೂರಿಟಿ, ಕೊನೆಗೆ ಅಮೆರಿಕದ ಅಧಿಕಾರಿ. ಮೊದಲನೆಯದು ದಾಟಿದ ಮೇಲೆ ಕೊಂಡ ನೀರಿನ ಬಾಟಲಿ ಎರಡನೆಯದರಲ್ಲಿ ಹೋಗಬಹುದು, ಖಾಲಿ ಬಾಟಲಿ ಇಟ್ಟುಕೊಳ್ಳಿ. ಬೇರೆ ವಿಮಾನದಿಂದ ಬಂದವರನ್ನು ಕಾಡುವುದು ಬ್ಯಾಗ್. ಚೆಕ್-ಇನ್ ಮಾಡಿದ ಬ್ಯಾಗ್ ಅಲ್ಲಿನ ವ್ಯವಸ್ಥೆಯೊಳಗೆ ಬಂದು ಅದರ ಚಿತ್ರ ಅಧಿಕಾರಿಯ ಪರದೆಯ ಮೇಲೆ ಕಾಣುವ ತನಕ ನಿಮ್ಮನ್ನು ಮುಂದೆ ಬಿಡುವುದಿಲ್ಲ. ನೀವು ಓಡೋಡಿ ಬಂದಿರುತ್ತೀರಿ, ಬ್ಯಾಗ್ ಇನ್ನೂ ಹಿಂದಿನ ವಿಮಾನದ ಹೊಟ್ಟೆಯಲ್ಲಿರುತ್ತದೆ. ಅದಕ್ಕೇ ಕನೆಕ್ಷನ್ ಆದರೆ ಕೈಚೀಲ ಮಾತ್ರ, ಇಲ್ಲವೇ ಕನಿಷ್ಠ ಎರಡೂವರೆ ಗಂಟೆ. ಸ್ಟಾಪ್‌ಓವರ್ ಆದರೆ ಈ ತಲೆನೋವೇ ಇಲ್ಲ. ಮರುದಿನ ಮೂರು ಗಂಟೆ ಮೊದಲು ಹೋಗಿ ಬ್ಯಾಗ್ ಕೊಡುತ್ತೇನೆ. ಊಟ-ತಿಂಡಿ, ಖರೀದಿ ಎಲ್ಲ ಅಧಿಕಾರಿಯ ಮುಂದೆ ಹೋಗುವ ಮೊದಲೇ ಮುಗಿಸಿಕೊಳ್ಳಿ. ಆಚೆ ಬದಿಯಲ್ಲಿ ಆಯ್ಕೆ ಕಡಿಮೆ, ವಾಪಸು ಬರುವುದು ಸುಲಭವಲ್ಲ.

ಲಾಭ ಕಾಣುವುದು ಇಳಿದ ಮೇಲೆ. ವಿಮಾನ ಡೊಮೆಸ್ಟಿಕ್ ತರಹ ಬಂದು ನಿಲ್ಲುತ್ತದೆ, ಕೊನೆಯ ಊರಿನ ತನಕ ಟ್ಯಾಗ್ ಹಾಕಿದ ಬ್ಯಾಗ್ ತಾನೇ ಮುಂದೆ ಹೋಗುತ್ತದೆ, ಮುಂದಿನ ವಿಮಾನಕ್ಕೆ ಒಂದೂವರೆ ಗಂಟೆ ಧಾರಾಳ. ಐಸ್‌ಲ್ಯಾಂಡ್‌ಏರ್ 7 ದಿನ, ಪೋರ್ಚುಗಲ್‌ನ ವಿಮಾನ ಸಂಸ್ಥೆ ಟಾಪ್ 10 ದಿನದ ತನಕ ಸ್ಟಾಪ್‌ಓವರ್ ಕೊಡುತ್ತವೆ ನಿಜ. ಆದರೆ ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಾಗಲಿ ಲಿಸ್ಬನ್‌ನಲ್ಲಾಗಲಿ ಪ್ರೀಕ್ಲಿಯರೆನ್ಸ್ ಇಲ್ಲ. ಅಮೆರಿಕದ ಮೊದಲ ಊರಿನಲ್ಲೇ ಸಾಲು ನಿಂತು, ಬ್ಯಾಗ್ ಎತ್ತಿ, ಮತ್ತೆ ಹಾಕಬೇಕು. ಅಲ್ಲಿ ಮೂರು ಗಂಟೆ ಬಿಡುತ್ತೇನೆ.

ತಪಾಸಣೆ ಮುಗಿದ ಮೇಲೆ ವಿಮಾನ ರದ್ದಾದರೆ ಎಲ್ಲರನ್ನೂ ಐರಿಷ್ ಇಮಿಗ್ರೇಷನ್ ಮೂಲಕ ಹೊರಗೆ ಕಳಿಸುತ್ತಾರೆ, ಮುಂದಿನ ವಿಮಾನಕ್ಕೆ ಎಲ್ಲವೂ ಮೊದಲಿಂದ. ಹಾಗಾದಾಗ ಅಮೆರಿಕ ತಲುಪಿದ ದಿನವೇ ಆನ್‌ಲೈನ್‌ನಲ್ಲಿ ಐ-94 (ಅಮೆರಿಕ ಪ್ರವೇಶದ ದಾಖಲೆ) ತೆಗೆದು, ಪ್ರವೇಶದ ದಿನಾಂಕ ನಿಜಕ್ಕೂ ಪ್ರಯಾಣ ಮಾಡಿದ ದಿನದ್ದೇ ಹೌದೋ ಎಂದು ನೋಡಿ.