ವಠಾರದ ಮಕ್ಕಳ ರಕ್ತದಲ್ಲಿ ಸೀಸ ಇಳಿಸಿದ್ದು: ನನ್ನ ಅನುಭವ

ಔಷಧಿ ಇಲ್ಲದೆ ಮಕ್ಕಳ ರಕ್ತದ ಸೀಸ ಇಳಿಸುತ್ತೇನೆ ಅಂದಾಗ ಜೊತೆಯವರೇ ನಂಬಲಿಲ್ಲ. ಹಾಸನದಲ್ಲಿ ಸೀಸದ ಕಾರ್ಖಾನೆ ಎಲ್ಲಿದೆ ಅಂದರು. ಹಳೇ ಬ್ಯಾಟರಿ ಬಿಚ್ಚುವ ಒಂದು ಹಿತ್ತಲು ಸಾಕು.

ನಾನು ಹಿಡಿದ ವಠಾರದಲ್ಲಿ ಮುಂದೆ ಮಾಲೀಕರ ತಾರಸಿ ಮನೆ, ಹಿಂದೆ ಒಂಟಿ ಕೋಣೆಯ ಬಾಡಿಗೆ ಸಾಲು. ಎರಡೂ ಕಡೆಯವರಿಗೆ ನಲ್ಲಿ ಒಂದೇ, ದಿನಸಿ ಅಂಗಡಿ ಒಂದೇ. ಮಾಲೀಕರ ಮಗುವಿಗೆ ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಸೀಸ 4 ಮೈಕ್ರೋಗ್ರಾಂ ಆಸುಪಾಸು ಬಂತು. ಹಿಂದಿನ ಸಾಲಿನವರಿಗೆ 18ರಿಂದ 30. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೇ ಮೂಲ ಹುಡುಕಿ ಅನ್ನುತ್ತದೆ, ಅಲ್ವಾ? ಹಿಂದೆ ಅಡುಗೆ, ನಿದ್ದೆ, ಬ್ಯಾಟರಿಯ ಸೀಸದ ಪ್ಲೇಟು ಬಿಚ್ಚೋದು ಎಲ್ಲ ಅಷ್ಟೇ ಜಾಗದಲ್ಲಿ.

ದುಡ್ಡು ನೀರಾಗಿದ್ದು ಪರೀಕ್ಷೆಯಲ್ಲಿ. ಬೆರಳು ಚುಚ್ಚಿ ತೆಗೆದ ಸ್ಯಾಂಪಲ್‌ಗಳಿಗೆ ಕೈಯ ಧೂಳೇ ಸೇರಿ ಅಂಕಿ ಎಲ್ಲಿಗೋ ಹೋಯಿತು. ರಕ್ತನಾಳದಿಂದ ಮತ್ತೆ ತೆಗೆಸಿ ಬೆಂಗಳೂರಿಗೆ ಕಳಿಸಿದೆ. ಒಂದೊಂದಕ್ಕೆ ಸಾವಿರದ ಮೇಲೆ. ಒಟ್ಟು 40 ಸಾವಿರ ಆಗಿರಬೇಕು, ಎಲ್ಲ ಕೈಯಿಂದಲೇ.

ಆಮೇಲೆ ತಿಳಿವಳಿಕೆ ಸಭೆ. ಏನೂ ಬದಲಾಗಲಿಲ್ಲ. "ಕೆಲಸ ಬಿಡಿ ಅಂತೀರಲ್ಲ ಅಕ್ಕ, ಊಟಕ್ಕೇನು ಮಾಡೋಣ?" ಅಂದಳು ಒಬ್ಬ ತಾಯಿ. ಅವಳ ಮಾತು ನ್ಯಾಯ. ಕೂಲಿ ಉಳಿಯದ ಯಾವ ಉಪಾಯವೂ ನಡೆಯಲ್ಲ.

ಹಾಗಾಗಿ ಬಿಚ್ಚೋದನ್ನೇ ನಿಲ್ಲಿಸಿ, ಬ್ಯಾಟರಿ ಇಡಿಯಾಗಿ ಮಾರುವ ದಾರಿ ಹುಡುಕಿದೆ. ಬ್ಯಾಟರಿ ಇಡೋಕೆ ಊರಾಚೆ ಶೆಡ್, ತಿಂಗಳಿಗೆ ಎರಡೂವರೆ ಸಾವಿರ, ನಾಲ್ಕು ಮನೆ ಹಂಚಿಕೊಂಡವು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ನೋಂದಣಿ ಇರುವ ಮರುಬಳಕೆಯವರಿಗೂ ಮಾಲು ಬೇಕು. ಒಳ್ಳೆ ರೇಟಿಗೆ ಅವರನ್ನು ಒಪ್ಪಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ, ಬಂದು ಕೇಳಿದರೆ ಹೇಳುತ್ತೇನೆ. ಮನೆಯಲ್ಲಿ ಪೊರಕೆ ಬಿಡಿಸಿ ಒದ್ದೆ ಬಟ್ಟೆ ಹಿಡಿಸಿದೆ. ಹಿತ್ತಲಿಗೆ ಸಿಮೆಂಟ್ ಹಾಕಿಸಿದೆ.

ಮಧ್ಯೆ ಹಳೇ ಕಿಟಕಿ ಬಣ್ಣದ ಬೆನ್ನೂ ಬಿದ್ದೆ. ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮಿತಿ ಜಾರಿಯಾದದ್ದು 2017ರ ನವೆಂಬರಿನಲ್ಲಿ, ಇದು ಅದಕ್ಕಿಂತ ಎಷ್ಟೋ ಹಳೆಯದು. ಕೆರೆಯದೆ ಮೇಲೆ ಹೊಸದು ಬಳಿಸಿದೆ. ಕೆಲವು ಮನೆಗೆ ನುಗ್ಗೆಸೊಪ್ಪು, ರಾಗಿ ಹುರಿಹಿಟ್ಟು ಕೊಟ್ಟು ನೋಡಿದೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಮೈ ಸೀಸವನ್ನು ಜಾಸ್ತಿ ಹೀರುತ್ತದೆ. ವ್ಯತ್ಯಾಸ ಮಾತ್ರ ಗೊತ್ತಾಗಲಿಲ್ಲ, ಮಕ್ಕಳು ಸುಮ್ನೆ ಹೊಟ್ಟೆ ತುಂಬ ತಿಂದವು, ಅದೂ ಆಗಲಿ.

ಏಳೆಂಟು ತಿಂಗಳಿಗೆ 30ರ ಹುಡುಗಿ 14ಕ್ಕೆ ಬಂದಳು. ಮೂಳೆಯಲ್ಲಿ ಕೂತದ್ದು ನಿಧಾನವಾಗಿ ಹೊರಬರುತ್ತದೆ, ಇನ್ನೂ ಇಳಿಯಬೇಕು. ನಂಬದಿದ್ದವರು ಈಗ ರಿಪೋರ್ಟು ಕೇಳಿ ಫೋನ್ ಮಾಡುತ್ತಾರೆ.

ನೀವೂ ಮಾಡುವುದಾದರೆ, ಸಿಮೆಂಟಿಗೆ ಮೊದಲೇ ಎರಡು ವರ್ಷ ಬಾಡಿಗೆ ಏರಿಸಲ್ಲ ಅಂತ ಮಾಲೀಕರಿಂದ ಬರೆಸಿಕೊಳ್ಳಿ. ಹಾಗೆ ಬರೆಸದ ಪಕ್ಕದ ವಠಾರದಲ್ಲಿ ನೆಲ ಚೆನ್ನಾಗಾಯಿತು, ಬಾಡಿಗೆ ಏರಿತು, ಆ ಮಕ್ಕಳಿದ್ದ ಮನೆಯವರೇ ಖಾಲಿ ಮಾಡಿ ಹೋದರು.